ಇಳಿದ ಮೇಲಿನ ಹತ್ತು ನಿಮಿಷ: ಮಾಲ್ಟಾಕ್ಕೆ ಸ್ಪಿಟ್‌ಫೈರ್ ಬಂದ ಬಗೆ

ಹೊಸ ಯುದ್ಧವಿಮಾನವೊಂದು ರಣರಂಗಕ್ಕೆ ಬಂತು ಎಂದರೆ ಸಾಮಾನ್ಯವಾಗಿ ಅದರ ವೇಗವೆಷ್ಟು, ಎಷ್ಟು ಎತ್ತರ ಏರುತ್ತದೆ, ರೆಕ್ಕೆಯಲ್ಲಿ ಎಷ್ಟು ಗನ್ ಇವೆ ಎಂದೇ ಮಾತು ಶುರುವಾಗುತ್ತದೆ. ಇವತ್ತು ಆ ಪಟ್ಟಿಯನ್ನು ಬದಿಗಿಡೋಣ. ಎರಡು ದಿನಾಂಕಗಳನ್ನು ಮಾತ್ರ ಅಕ್ಕಪಕ್ಕ ಇಟ್ಟುಕೊಳ್ಳೋಣ.

ಎರಡನೇ ಮಹಾಯುದ್ಧದ ನಡುವೆ, 1942ರ ಏಪ್ರಿಲ್ 20ರಂದು, ಮೆಡಿಟರೇನಿಯನ್ ಸಮುದ್ರದ ನಡುವೆ ಬ್ರಿಟಿಷರ ಕೈಯಲ್ಲಿದ್ದ ಮಾಲ್ಟಾ ದ್ವೀಪದಲ್ಲಿ ಅವರದೇ 46 ಸ್ಪಿಟ್‌ಫೈರ್ ಯುದ್ಧವಿಮಾನಗಳು ಇಳಿದವು. ಮರುದಿನ ಬೆಳಿಗ್ಗೆ ಹಾರಲು ತಯಾರಿದ್ದದ್ದು 27. ಅದೇ ದಿನ ಸಂಜೆಗೆ 17. ಹತ್ತೊಂಬತ್ತು ದಿನ ಕಳೆದು, ಮೇ 9ರಂದು, ಅದೇ ಮಾದರಿಯ 60ರಷ್ಟು ವಿಮಾನಗಳು ಅದೇ ದಾರಿಯಲ್ಲಿ ಅದೇ ದ್ವೀಪಕ್ಕೆ ಬಂದವು. ಈ ಸಲ ಅವುಗಳಲ್ಲಿ ಹಲವು ಇಳಿದ ಹತ್ತೇ ನಿಮಿಷದಲ್ಲಿ ಮತ್ತೆ ಆಕಾಶದಲ್ಲಿದ್ದವು. ಮರುದಿನ ಮಾಲ್ಟಾದ ಮೇಲಿನ ವಾಯುಯುದ್ಧದ ದಿಕ್ಕೇ ತಿರುಗಿತು. ಅಷ್ಟರಲ್ಲಿ ಇಟಲಿಯ ಸಿಸಿಲಿ ದ್ವೀಪದಿಂದ ಮಾಲ್ಟಾದ ಮೇಲೆ ದಾಳಿ ಮಾಡುತ್ತಿದ್ದ ಜರ್ಮನ್ ವಾಯುದಳಗಳಲ್ಲಿ ಕೆಲವು ಬೇರೆ ರಂಗಗಳಿಗೆ ಹೊರಟಿದ್ದವು, ಅದನ್ನು ಮರೆಯಬಾರದು. ಆದರೂ ಏಪ್ರಿಲ್‌ಗೂ ಮೇಗೂ ನಡುವಿನ ಅಂತರದ ಬಹುಪಾಲು ಇದ್ದದ್ದು ನೆಲದ ಮೇಲೆ.

ಮೊದಲು ಜಾಗದ ಪರಿಚಯ. ಮಾಲ್ಟಾದಿಂದ ಸಿಸಿಲಿಗೆ ಸುಮಾರು 100 ಕಿಲೋಮೀಟರ್. ಬಾಂಬರ್‌ಗಳಿಗೆ ಅದು ಕಾಲು ಗಂಟೆ, ಇಪ್ಪತ್ತು ನಿಮಿಷದ ದಾರಿ. ದ್ವೀಪದಲ್ಲಿ ಮುಖ್ಯವಾಗಿ ಮೂರು ವಿಮಾನ ನೆಲೆಗಳು: ಲುಕಾ, ತಕಾಲಿ, ಹಾಲ್ ಫಾರ್. ಲುಕಾಕ್ಕೂ ಹಾಲ್ ಫಾರ್‌ಗೂ ನಡುವೆ ಸಾಫಿ ಎಂಬ ಪಟ್ಟಿ. 1942ರ ಆರಂಭದವರೆಗೆ ಅಲ್ಲಿದ್ದ ಬ್ರಿಟಿಷ್ ಯುದ್ಧವಿಮಾನ ಹರಿಕೇನ್. ಎದುರಿಗಿದ್ದದ್ದು ಜರ್ಮನರ ಮೆಸರ್‌ಸ್ಮಿಟ್ 109 ಎಫ್. ವೇಗದಲ್ಲೂ ಏರುವ ಶಕ್ತಿಯಲ್ಲೂ ಹರಿಕೇನ್ ಅದಕ್ಕೆ ಸಾಟಿಯಲ್ಲ. ಶತ್ರುವಿನ ನೆಲೆ ಇಷ್ಟು ಹತ್ತಿರವಿದ್ದಾಗ ರೇಡಾರ್ ಕೊಡುವ ಮುನ್ಸೂಚನೆ ಕೆಲವೇ ನಿಮಿಷದ್ದು. ನಿಧಾನ ಏರುವ ವಿಮಾನ ಎತ್ತರ ತಲುಪುವ ಹೊತ್ತಿಗೆ ಶತ್ರು ಅದರ ತಲೆಯ ಮೇಲೇ ಇರುತ್ತಾನೆ. ಸ್ಪಿಟ್‌ಫೈರ್ ಬೇಕಾದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಆದರೆ ಅದನ್ನು ತರುವುದು ಹೇಗೆ? ಪೆಟ್ಟಿಗೆಯಲ್ಲಿ ಕಟ್ಟಿ ಹಡಗಿನಲ್ಲಿ ಕಳಿಸಿದರೆ ಹಡಗು ಮುಳುಗುತ್ತದೆ. ಮುಳುಗದೆ ಬಂದರೂ ಬಾಂಬ್ ಬೀಳುವ ಬಂದರಿನಲ್ಲಿ ಪೆಟ್ಟಿಗೆ ಒಡೆದು ವಿಮಾನ ಜೋಡಿಸುವವರು ಯಾರು? ಮೆಡಿಟರೇನಿಯನ್‌ನ ಪಶ್ಚಿಮ ಬಾಯಲ್ಲಿದ್ದ ಬ್ರಿಟಿಷ್ ನೆಲೆ ಜಿಬ್ರಾಲ್ಟರ್‌ನಿಂದ ನೇರ ಹಾರಿಸೋಣವೆಂದರೆ 1,700 ಕಿಲೋಮೀಟರ್‌ಗೂ ಹೆಚ್ಚು ದೂರ. ಆಗಿನ ಸ್ಪಿಟ್‌ಫೈರ್‌ಗೆ ಆಗದ ಮಾತು. ಉಳಿದದ್ದು ಒಂದೇ ದಾರಿ. ವಿಮಾನವಾಹಕ ನೌಕೆಯ ಮೇಲೆ ಆಲ್ಜೀರ್ಸ್‌ನ ಉತ್ತರದವರೆಗೆ ಒಯ್ದು, ಅಲ್ಲಿಂದ ಹಾರಿಸುವುದು. ಅಲ್ಲಿಂದ ಮಾಲ್ಟಾ ಸುಮಾರು 1,060 ಕಿಲೋಮೀಟರ್, ಮೂರೂವರೆ ಗಂಟೆಯ ಹಾರಾಟ. ಹೋದ ಮೇಲೆ ಹಿಂದೆ ಬರುವಂತಿಲ್ಲ. ಈ ಸ್ಪಿಟ್‌ಫೈರ್‌ಗಳಿಗೆ ನೌಕೆಯ ಮೇಲೆ ಇಳಿಯಲು ಬೇಕಾದ ಕೊಕ್ಕೆಯೇ ಇರಲಿಲ್ಲ.

ಇಲ್ಲಿ ಎರಡು ಸಣ್ಣ ವಸ್ತುಗಳನ್ನು ಹತ್ತಿರದಿಂದ ನೋಡಬೇಕು. ಒಂದು ಮರದ ತುಂಡು, ಇನ್ನೊಂದು ತಗಡಿನ ಟ್ಯಾಂಕ್.

ಫ್ಲ್ಯಾಪ್ ಎಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ತೆರೆಯುವ ಹಲಗೆ. ಸ್ಪಿಟ್‌ಫೈರ್‌ನ ಫ್ಲ್ಯಾಪ್‌ಗೆ ಎರಡೇ ಸ್ಥಾನ. ಒಂದೋ ಪೂರ್ತಿ ಮೇಲೆ, ಇಲ್ಲವೇ ಪೂರ್ತಿ ಕೆಳಗೆ. ಪೂರ್ತಿ ಕೆಳಗೆ ಎಂದರೆ 85 ಡಿಗ್ರಿ. ಅದು ಇಳಿಯುವಾಗ ವೇಗ ತಗ್ಗಿಸಲು ಸರಿ, ಏರುವಾಗ ಗಾಳಿಗೆ ಅಡ್ಡ ನಿಂತ ಬಾಗಿಲಿದ್ದಂತೆ. ಉದ್ದದ ರನ್‌ವೇಯಲ್ಲಿ ಫ್ಲ್ಯಾಪ್ ಇಲ್ಲದೆಯೂ ಏರಬಹುದು. ನೌಕೆಯ ಚಿಕ್ಕ ಡೆಕ್ಕಿನಿಂದ, ಅದೂ ತುಂಬಿದ ಟ್ಯಾಂಕ್ ಹೊತ್ತು ಏರಬೇಕಾದರೆ ಸುಮಾರು 25 ಡಿಗ್ರಿಯ ನಡುವಿನ ಸ್ಥಾನ ಬೇಕು. ಅದಕ್ಕೆ ಮಾಡಿದ ಉಪಾಯ ಹೀಗಿತ್ತು. ಫ್ಲ್ಯಾಪ್ ಪೂರ್ತಿ ಇಳಿಸುವುದು, ರೆಕ್ಕೆಗೂ ಫ್ಲ್ಯಾಪ್‌ಗೂ ನಡುವೆ ಅಳತೆಗೆ ಕತ್ತರಿಸಿದ ಮರದ ಬೆಣೆ ಹಿಡಿಯುವುದು, ಪೈಲಟ್ ಫ್ಲ್ಯಾಪ್ ಏರಿಸಿದಾಗ ಅದು ಬೆಣೆಯನ್ನು ಕಚ್ಚಿ ಅರ್ಧಕ್ಕೆ ನಿಲ್ಲುವುದು. ಡೆಕ್ ಬಿಟ್ಟು ಎತ್ತರಕ್ಕೆ ಹೋದ ಮೇಲೆ ಫ್ಲ್ಯಾಪನ್ನು ಒಮ್ಮೆ ಪೂರ್ತಿ ಕೆಳಗೆ ಬಿಟ್ಟರೆ ಬೆಣೆ ತಾನಾಗಿ ಸಮುದ್ರಕ್ಕೆ ಬೀಳುತ್ತದೆ. ಆಮೇಲೆ ಫ್ಲ್ಯಾಪ್ ಪೂರ್ತಿ ಏರಿಸಿಕೊಂಡು ಮುಂದೆ ಸಾಗುವುದು. ಕಾರ್ಖಾನೆಯ ಮಾರ್ಪಾಡು ಬೇಕಿಲ್ಲ, ಹೊಸ ಭಾಗ ಬೇಕಿಲ್ಲ. ಬಡಗಿಯೊಬ್ಬ ಸಾಕು. ಯುದ್ಧಕಾಲದ ಒಳ್ಳೆಯ ಪರಿಹಾರಗಳಲ್ಲಿ ಇದನ್ನು ಮೇಲಿನ ಸಾಲಿನಲ್ಲಿ ಇಡಬೇಕು.

ಟ್ಯಾಂಕಿನದು ಇಷ್ಟು ಸುಲಭದ ಕತೆಯಲ್ಲ. ವಿಮಾನದ ಒಳಗಿನ ಎರಡು ಟ್ಯಾಂಕ್ ಸೇರಿ 85 ಗ್ಯಾಲನ್, ಅಂದರೆ ಸುಮಾರು 386 ಲೀಟರ್. ಇದು ಮಾಲ್ಟಾ ಮುಟ್ಟಿಸದು. ಆದ್ದರಿಂದ ಹೊಟ್ಟೆಯ ಕೆಳಗೆ, ಮೈಗೆ ಅಂಟಿಕೊಂಡಂತೆ, 90 ಗ್ಯಾಲನ್ನಿನ ತಗಡಿನ ಟ್ಯಾಂಕ್ ಕಟ್ಟಿದರು. ಒಟ್ಟು ಇಂಧನ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚಾಯಿತು. ಬಳಸುವ ಕ್ರಮ ಹೀಗೆ: ಏರುವುದು ಒಳಗಿನ ಟ್ಯಾಂಕಿನಿಂದ. ಸುರಕ್ಷಿತ ಎತ್ತರ ಮುಟ್ಟಿದ ಮೇಲೆ ಹೊರಗಿನ ಟ್ಯಾಂಕಿಗೆ ತಿರುಗಿಸುವುದು. ಅದು ಬರಿದಾಗಿ ಇಂಧನದ ಒತ್ತಡ ಕುಸಿದಾಗ ತಕ್ಷಣ ಒಳಗಿನದಕ್ಕೆ ಮರಳಿ, ಖಾಲಿ ಟ್ಯಾಂಕನ್ನು ಕಳಚಿ ಬಿಡುವುದು. ಏರುವಾಗ ಒಳಗಿನದನ್ನೇ ಬಳಸುವುದಕ್ಕೆ ಕಾರಣವಿದೆ. ಹೊರಗಿನ ಟ್ಯಾಂಕಿನ ಕೊಳವೆ ಜೋಡಣೆಯಲ್ಲಿ ಕೂದಲೆಳೆ ಸಂದಿ ಇದ್ದರೂ ಪಂಪ್ ಇಂಧನದ ಬದಲು ಗಾಳಿ ಎಳೆಯುತ್ತದೆ, ಎಂಜಿನ್ ನಿಲ್ಲುತ್ತದೆ. ಎರಡು ಸಾವಿರ ಅಡಿಯಲ್ಲಿ ಇದಾದರೆ ಟ್ಯಾಂಕ್ ಬದಲಿಸಲು ಸಮಯವಿದೆ. ಡೆಕ್ಕಿನ ತುದಿಯಲ್ಲಿ ಆದರೆ ಇಲ್ಲ.

ಈ ಟ್ಯಾಂಕ್ ಮೊದಲಿನಿಂದಲೂ ಕಾಡಿತು. ಮೊದಲ ಪ್ರಯತ್ನ 1942ರ ಫೆಬ್ರವರಿ ಕೊನೆಯಲ್ಲಿ. ಜಿಬ್ರಾಲ್ಟರ್‌ನಲ್ಲಿ ಜೋಡಿಸಿದ 16 ಸ್ಪಿಟ್‌ಫೈರ್ ಹೊತ್ತು ಹೊರಟ ಈಗಲ್ ನೌಕೆ, ಟ್ಯಾಂಕುಗಳ ದೋಷ ಕಂಡುಬಂದದ್ದರಿಂದ ಒಂದೂ ವಿಮಾನ ಹಾರಿಸದೆ ಹಿಂತಿರುಗಿತು. ದೋಷ ಸರಿಪಡಿಸಿಕೊಂಡು ಮಾರ್ಚ್ 7ರಂದು ಮತ್ತೆ ಹೋಗಿ 15 ವಿಮಾನ ಹಾರಿಸಿದರು; ಹದಿನೈದೂ ಮುಟ್ಟಿದವು. ಬ್ರಿಟನ್ನಿನ ಹೊರಗೆ ಯುದ್ಧಕ್ಕಿಳಿದ ಮೊದಲ ಸ್ಪಿಟ್‌ಫೈರ್ ಯುದ್ಧವಿಮಾನಗಳು ಇವೇ. ಮಾರ್ಚ್ 10ಕ್ಕೆ ಮೊದಲ ಕಾಳಗ. ಅದೇ ತಿಂಗಳು ಇನ್ನೆರಡು ಸಲ, 9 ಮತ್ತು 7. ಒಟ್ಟು 31.

ಈ ಸಂಖ್ಯೆಯಲ್ಲೇ ಒಂದು ದೋಷ ಅಡಗಿತ್ತು. ಹನಿ ಹನಿಯಾಗಿ ಬಂದ ವಿಮಾನ ಹನಿ ಹನಿಯಾಗಿಯೇ ಖರ್ಚಾಗುತ್ತದೆ. ದಿನವೂ ನೂರಾರು ಶತ್ರು ವಿಮಾನ ಬರುವ ಕಡೆ ಏಳು ಹೊಸ ವಿಮಾನ ಸೇರಿದರೆ, ಅವು ಹಿಂದಿನ ವಾರ ಹೋದ ಏಳರ ಜಾಗ ತುಂಬುತ್ತವೆ, ಅಷ್ಟೇ. ಒಟ್ಟಿಗೆ ಐವತ್ತು ಬೇಕಿತ್ತು. ಈಗಲ್ ಹೊರುವುದೇ ಹದಿನಾರರಷ್ಟು. ಅದೂ ಚುಕ್ಕಾಣಿಯ ದೋಷಕ್ಕೆ ರಿಪೇರಿಗೆ ಹೋಯಿತು. ವಿಕ್ಟೋರಿಯಸ್ ನೌಕೆಯ ಲಿಫ್ಟ್ ಸ್ಪಿಟ್‌ಫೈರ್‌ಗೆ ಚಿಕ್ಕದು, ಏಕೆಂದರೆ ಈ ವಿಮಾನದ ರೆಕ್ಕೆ ಮಡಚುವುದಿಲ್ಲ. ತುದಿಯಿಂದ ತುದಿಗೆ 11 ಮೀಟರ್‌ಗೂ ಹೆಚ್ಚು. ಆರ್ಗಸ್ ಚಿಕ್ಕದು, ನಿಧಾನದ್ದು ಕೂಡ. ಚರ್ಚಿಲ್ ರೂಸ್‌ವೆಲ್ಟ್‌ಗೆ ಬರೆದು ಅಮೆರಿಕದ ವಾಸ್ಪ್ ನೌಕೆಯನ್ನು ಕೇಳಿ ಪಡೆದದ್ದು ಹೀಗೆ. ಒಂದು ದ್ವೀಪದ ರಕ್ಷಣೆ ಲಿಫ್ಟಿನ ಅಗಲದ ಮೇಲೆ ನಿಂತಿತ್ತು.

ವಾಸ್ಪ್ ಗ್ಲಾಸ್ಗೋದಲ್ಲಿ ವಿಮಾನ ಹೇರಿಕೊಂಡಿತು. ಏಪ್ರಿಲ್ 20ರ ಬೆಳಗಿನ ಜಾವ ಮೊದಲು ನೌಕೆಯದೇ ವೈಲ್ಡ್‌ಕ್ಯಾಟ್ ವಿಮಾನಗಳು ಕಾವಲಿಗೆ ಏರಿದವು. ಸ್ಪಿಟ್‌ಫೈರ್‌ಗಳ ಎಂಜಿನ್ ಕೆಳಗಿನ ಹ್ಯಾಂಗರಿನಲ್ಲೇ ಚಾಲೂ ಮಾಡಿ, ಒಂದೊಂದಾಗಿ ಲಿಫ್ಟಿನಲ್ಲಿ ಮೇಲೆ ತಂದು ಹಾರಿಸಿದರು. ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸಿದ್ದರೆ ಹಿಂದಿನವುಗಳ ಎಂಜಿನ್ ಕಾಯುತ್ತ ಕಾಯುತ್ತ ಕಾದುಬಿಡುತ್ತಿತ್ತು. ಸ್ಪಿಟ್‌ಫೈರ್‌ನ ರೇಡಿಯೇಟರ್ ಬಲರೆಕ್ಕೆಯ ಕೆಳಗಿದೆ. ಚಕ್ರದ ಕಾಲು ಇಳಿಸಿದಾಗ ಅದು ರೇಡಿಯೇಟರಿನ ಬಾಯಿಗೆ ಸ್ವಲ್ಪ ಅಡ್ಡ ಬರುತ್ತದೆ. ನೆಲದ ಮೇಲೆ ಕೆಲವೇ ನಿಮಿಷ ಎಂಜಿನ್ ಓಡಿಸುತ್ತ ನಿಂತರೂ ತಂಪುನೀರು ಕುದಿಯುವ ಹಂತಕ್ಕೆ ಬರುತ್ತದೆ. ಈ ವಿಮಾನದ ಸ್ವಭಾವದಲ್ಲಿ ಇದೊಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

47 ಹಾರಿದವು, 46 ಮುಟ್ಟಿದವು. ಲಂಡನ್ನಿನ ಲೆಕ್ಕಪುಸ್ತಕದಲ್ಲಿ ಇದು ಭಾರೀ ಯಶಸ್ಸು.

ಮಾಲ್ಟಾದಲ್ಲಿ ವಿಮಾನದ ಮುಚ್ಚಳ ತೆರೆದವರಿಗೆ ಕಂಡದ್ದು ಬೇರೆ. ಬಹುಪಾಲು ಗನ್‌ಗಳನ್ನು ಜೋಡಿಸಿದ ಮೇಲೆ ಒಮ್ಮೆಯೂ ಹಾರಿಸಿ ನೋಡಿರಲಿಲ್ಲ, ಗುರಿ ಹೊಂದಿಸಿರಲಿಲ್ಲ. ಬಹಳಷ್ಟು ರೇಡಿಯೋಗಳು ಮೂಕವಾಗಿದ್ದವು. ಬಂದ ಪೈಲಟ್‌ಗಳಲ್ಲಿ ಹಲವರಿಗೆ ಕಾಳಗದ ಅನುಭವವೇ ಇರಲಿಲ್ಲ.

ಗನ್ ಗುರಿ ಹೊಂದಿಸುವುದೆಂದರೆ ಏನು ಎಂದು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಇದು ಸಣ್ಣ ತಪ್ಪಿನಂತೆ ಕಾಣುತ್ತದೆ. ಸ್ಪಿಟ್‌ಫೈರ್‌ನ ಗನ್‌ಗಳು ರೆಕ್ಕೆಯಲ್ಲಿವೆ, ಪೈಲಟ್‌ನ ಕಣ್ಣಿನಿಂದ ಅಡಿಗಟ್ಟಲೆ ದೂರ. ಎಲ್ಲ ಗನ್‌ಗಳ ಗುಂಡೂ ಮುಂದೆ ಸುಮಾರು 250 ಗಜದಲ್ಲಿ ಒಂದೆಡೆ ಕೂಡುವಂತೆ ಪ್ರತಿ ಗನ್ನನ್ನೂ ಸ್ವಲ್ಪ ಒಳಕ್ಕೆ ವಾಲಿಸಬೇಕು. ಅದಕ್ಕೆ ವಿಮಾನದ ಬಾಲ ಎತ್ತಿ, ಹಾರುವ ಭಂಗಿಗೆ ಮಟ್ಟ ಮಾಡಿ, ಮುಂದೆ ಗುರುತಿನ ಹಲಗೆ ನಿಲ್ಲಿಸಿ, ಗನ್ನಿನ ಹಿಂಬದಿಯಿಂದ ನಳಿಗೆಯೊಳಗೆ ಕಣ್ಣಿಟ್ಟು, ಒಂದೊಂದು ಗನ್ನನ್ನೂ ಅದರದೇ ಗುರುತಿಗೆ ತರಬೇಕು. ಪೈಲಟ್‌ನ ಗುರಿಗಾಜನ್ನೂ ಅದಕ್ಕೇ ಹೊಂದಿಸಬೇಕು. ಕೆಲಸ ಬಲ್ಲ ತಂಡಕ್ಕೂ ಒಂದು ವಿಮಾನಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಇದಾಗದಿದ್ದರೆ ಪೈಲಟ್ ಸರಿಯಾಗಿ ಗುರಿ ಹಿಡಿದೂ ಗುಂಡುಗಳು ಶತ್ರುವಿನ ಎರಡೂ ಪಕ್ಕದಿಂದ ದಾಟಿ ಹೋಗುತ್ತವೆ. ಇನ್ನೊಂದು, ಹೊಸ ಗನ್ನಿಗೆ ತುಕ್ಕು ಹಿಡಿಯದಂತೆ ಹಚ್ಚಿದ ಗ್ರೀಸ್ ಪೂರ್ತಿ ತೊಳೆಯದೆ ಬಿಟ್ಟರೆ, 20,000 ಅಡಿಯ ಚಳಿಯಲ್ಲಿ ಅದು ಗಟ್ಟಿಯಾಗಿ ಗನ್ ಕಚ್ಚಿಕೊಳ್ಳುತ್ತದೆ. ಒಮ್ಮೆ ಹಾರಿಸಿ ನೋಡಿದ್ದರೆ ಇಂಥ ದೋಷಗಳಲ್ಲಿ ಅರ್ಧದಷ್ಟು ಗ್ಲಾಸ್ಗೋದಲ್ಲೇ ಗೊತ್ತಾಗುತ್ತಿದ್ದವು.

ರೇಡಿಯೋ ಇಲ್ಲದ್ದು ಇನ್ನೂ ದೊಡ್ಡ ಕೊರತೆ. ಡಿಂಗ್ಲಿ ಬಂಡೆಯ ರೇಡಾರ್ ಕಂಡದ್ದನ್ನು ರಾಜಧಾನಿ ವಲೆಟ್ಟಾದ ಕೋಟೆಯ ಕೆಳಗಿನ ಸುರಂಗದ ಕೋಣೆಯಲ್ಲಿ ಕೂತ ನಿಯಂತ್ರಕ ಪೈಲಟ್‌ಗೆ ಹೇಳಬೇಕು. ಆ ಕೋಣೆಯಲ್ಲಿದ್ದದ್ದು ಗ್ರೂಪ್ ಕ್ಯಾಪ್ಟನ್ ವುಡ್‌ಹಾಲ್, ಆ ಕಾಲದ ಅತ್ಯುತ್ತಮ ನಿಯಂತ್ರಕರಲ್ಲಿ ಒಬ್ಬರು. ಆದರೆ ಕಿವುಡು ವಿಮಾನಕ್ಕೆ ಯಾರು ಹೇಳಿದರೇನು? ಪ್ರತಿ ತರಂಗಕ್ಕೆ ತಕ್ಕ ಸ್ಫಟಿಕ ಸೆಟ್ಟಿನಲ್ಲಿರಬೇಕು, ಬ್ಯಾಟರಿ ತುಂಬಿರಬೇಕು, ಪೈಲಟ್‌ನ ಮುಖವಾಡದ ಮೈಕ್ ಸರಿಯಿರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಉಳಿದ ಸಾವಿರಾರು ಭಾಗ ಸರಿಯಿದ್ದು ಪ್ರಯೋಜನವಿಲ್ಲ.

ಸಿಸಿಲಿಯ ಜರ್ಮನರಿಗೆ ಇಷ್ಟೊಂದು ವಿಮಾನ ಬಂದಿಳಿದದ್ದು ತಿಳಿಯದೇ ಇರಲಿಲ್ಲ. ಅವರ ಬಾಂಬರ್‌ಗಳು ಬೇಗನೆ ಬಂದವು. ಇಂಧನವಿಲ್ಲದೆ, ಗುಂಡಿಲ್ಲದೆ ಬಯಲಲ್ಲಿ ನಿಂತ ಹೊಸ ವಿಮಾನಗಳು ಸಿಕ್ಕವು. ಆ ಏಪ್ರಿಲ್ ತಿಂಗಳೊಂದರಲ್ಲೇ ದ್ವೀಪದ ಮೇಲೆ 6,700 ಟನ್‌ಗೂ ಹೆಚ್ಚು ಬಾಂಬ್ ಬಿತ್ತು ಎಂಬುದನ್ನು ನೆನೆದರೆ ನೆಲದ ಸಿಬ್ಬಂದಿಯ ಸ್ಥಿತಿ ಊಹಿಸಬಹುದು. ಅವರನ್ನು ದೂರುವಂತಿಲ್ಲ. ಅರ್ಧ ಕೆಲಸ ಮಾಡಿದ ವಿಮಾನವನ್ನು, ಉಳಿದರ್ಧ ಮಾಡಲು ಬಿಡುವೇ ಇಲ್ಲದ ಜಾಗಕ್ಕೆ ಕಳಿಸಿದವರದು ತಪ್ಪು.

ಮೇ ತಿಂಗಳಿಗೆ ಬರೋಣ. ದ್ವೀಪದ ವಾಯುಪಡೆಯ ಮುಖ್ಯಸ್ಥ ಏರ್ ವೈಸ್ ಮಾರ್ಷಲ್ ಹ್ಯೂ ಲಾಯ್ಡ್ ಅವರ ಮುಂದೆ ಇದ್ದ ಪ್ರಶ್ನೆ ಸರಳ: ವಿಮಾನ ಇಳಿಯುವುದಕ್ಕೂ ಬಾಂಬ್ ಬೀಳುವುದಕ್ಕೂ ನಡುವಿನ ಹೊತ್ತಿನಲ್ಲಿ ಏನೇನು ಮುಗಿಸಬೇಕು? ಆ ಹೊತ್ತು ಎಷ್ಟು ಸಿಕ್ಕರೂ ಕಡಿಮೆಯೇ. ಕಾಲು ಗಂಟೆಯೊಳಗೆ ಎಲ್ಲವೂ ಮುಗಿಯಬೇಕು ಎಂದು ಲೆಕ್ಕ ಹಾಕಿದರು.

ಮೊದಲನೆಯದು ಜಾಗ. ಬಯಲಲ್ಲಿ ನಿಲ್ಲಿಸಿದ ವಿಮಾನಕ್ಕೆ ನೇರ ಬಾಂಬೇ ಬೀಳಬೇಕೆಂದಿಲ್ಲ. ನೂರು ಗಜ ದೂರದಲ್ಲಿ ಬಿದ್ದ ಬಾಂಬಿನ ಚೂರು ರೇಡಿಯೇಟರ್ ತೂತು ಮಾಡಿದರೂ ಅದು ವಾರಗಟ್ಟಲೆ ಮೂಲೆ ಸೇರುತ್ತದೆ. ಅದಕ್ಕೆ ಮೂರು ಕಡೆ ಗೋಡೆ, ಒಂದು ಕಡೆ ಬಾಯಿ ಇರುವ ಕಟ್ಟೆ ಕಟ್ಟಬೇಕು. ಇಂಗ್ಲಿಷರು ಪೆನ್ ಎನ್ನುತ್ತಿದ್ದರು. ನಮ್ಮ ದೊಡ್ಡಿ ಎಂಬ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಸಿಮೆಂಟಿಗೆ ಬರ, ಯಂತ್ರಗಳಿಗೆ ಬರ. ದ್ವೀಪದ ಸುಣ್ಣಕಲ್ಲು, ಮರಳುಚೀಲ, ಮತ್ತು ಖಾಲಿಯಾದ ನಾಲ್ಕು ಗ್ಯಾಲನ್ನಿನ ಪೆಟ್ರೋಲ್ ಡಬ್ಬಕ್ಕೆ ಮಣ್ಣು ತುಂಬಿ ಇಟ್ಟಿಗೆಯಂತೆ ಪೇರಿಸಿ ಗೋಡೆ ಎಬ್ಬಿಸಿದರು. ಕಟ್ಟಿದವರಲ್ಲಿ ಹೆಚ್ಚಿನವರು ಕಾವಲಿಗಿದ್ದ ಕಾಲ್ದಳದ ಸೈನಿಕರು. ದೊಡ್ಡಿಗಳು ಒಂದೆಡೆ ಗುಂಪಾಗಿರದೆ ರನ್‌ವೇಯಿಂದ ದೂರ ದೂರ ಚದುರಿದ್ದವು, ಅಲ್ಲಿಗೆ ವಿಮಾನ ಉರುಳಿಸಿಕೊಂಡು ಹೋಗಲು ದಾರಿಗಳನ್ನೂ ಮಾಡಿದರು.

ಎರಡನೆಯದು, ಪ್ರತಿ ದೊಡ್ಡಿಯೂ ಒಂದು ಸಣ್ಣ ನೆಲೆಯಂತೆ ಇರಬೇಕು. ಟ್ಯಾಂಕರ್ ಲಾರಿ ಬರುತ್ತದೆಂದು ಕಾಯುವಂತಿಲ್ಲ. ಲಾರಿ ಕಡಿಮೆ, ಇದ್ದದ್ದೂ ಬಾಂಬಿಗೆ ಸಿಗಬಹುದು. ಆದ್ದರಿಂದ ಪ್ರತಿಯೊಂದರಲ್ಲೂ ಮೊದಲೇ ಪೆಟ್ರೋಲ್ ಡಬ್ಬ, ಎಂಜಿನ್ ಎಣ್ಣೆ, ತಂಪುನೀರಿಗೆ ಬೆರೆಸುವ ಗ್ಲೈಕಾಲ್, ಮದ್ದುಗುಂಡಿನ ಪಟ್ಟಿಗಳು, ಕೆಲಸದವರು. ಒಬ್ಬಿಬ್ಬರು ವಾಯುಪಡೆಯ ನುರಿತ ಮೆಕ್ಯಾನಿಕ್‌ಗಳು, ಅವರ ಕೈಕೆಳಗೆ ಕಾಲ್ದಳದ ಸೈನಿಕರು. ಡಬ್ಬ ಎತ್ತಿ ಕೊಡಲು ಎಂಜಿನ್ ಗೊತ್ತಿರಬೇಕಾಗಿಲ್ಲ. ನುರಿತವನ ಕೈ ನುರಿತ ಕೆಲಸಕ್ಕಷ್ಟೇ ಮೀಸಲು.

ಲೆಕ್ಕ ಮಾಡಿ ನೋಡಿ. ಖಾಲಿ ಟ್ಯಾಂಕ್ ತುಂಬಲು 85 ಗ್ಯಾಲನ್, ನಾಲ್ಕು ಗ್ಯಾಲನ್ನಿನ ಡಬ್ಬದಲ್ಲಿ ಇಪ್ಪತ್ತೊಂದು ಡಬ್ಬಕ್ಕೂ ಸ್ವಲ್ಪ ಮೇಲೆ. ಒಂದು ಡಬ್ಬದಲ್ಲಿ 18 ಲೀಟರ್. ಅದನ್ನು ತೆರೆದು, ಕೈಯಿಂದ ಕೈಗೆ ದಾಟಿಸಿ, ಮೂಗಿನ ಮೇಲೆ ಕೂತವನು ಮೆದು ಚರ್ಮ ಹಾಸಿದ ಆಲಿಕೆಯಲ್ಲಿ ಸುರಿಯಬೇಕು. ಆ ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನೂ ಕಸವನ್ನೂ ತಡೆಯುತ್ತದೆ. ಅವಸರಕ್ಕೆ ಅದನ್ನು ಬಿಟ್ಟು ಸುರಿದರೆ ಡಬ್ಬದೊಳಗಿನ ತುಕ್ಕು ಕಾರ್ಬ್ಯುರೇಟರ್ ಸೇರುತ್ತದೆ, ಏರುವಾಗ ಎಂಜಿನ್ ಕೆಮ್ಮುತ್ತದೆ. ಸೋಸಲೇಬೇಕು, ಸೋಸುವಿಕೆ ನಿಧಾನ. ಆದ್ದರಿಂದ ಉಳಿದೆಲ್ಲ ಕೆಲಸವನ್ನೂ ಇಂಧನ ಇಳಿಯುವ ಹೊತ್ತಿನಲ್ಲೇ ಮುಗಿಸಬೇಕು. ಎರಡು ಕ್ಯಾನನ್‌ಗೆ, ಅಂದರೆ ದಪ್ಪ ಗುಂಡಿನ ದೊಡ್ಡ ಗನ್‌ಗೆ, ತಲಾ 120 ಗುಂಡು, ನಾಲ್ಕು ಬ್ರೌನಿಂಗ್ ಮೆಷಿನ್‌ಗನ್‌ಗೆ ತಲಾ 350. ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಮಡಚಿ ಕೂರಿಸುವಾಗ ಒಂದು ಕೊಂಡಿ ಓರೆಯಾದರೂ ಆಮೇಲೆ ಗನ್ ನಿಲ್ಲುತ್ತದೆ. ಈ ಕೆಲಸ ಮಾತ್ರ ಗನ್ ನೋಡಿಕೊಳ್ಳುವ ನುರಿತ ಆರ್ಮರರ್‌ನದೇ, ಕಾಲ್ದಳದವನಿಗೆ ಬಿಡುವಂಥದ್ದಲ್ಲ. ಜೊತೆಗೆ ಆಕ್ಸಿಜನ್, ಟೈರು, ಎಣ್ಣೆ, ಹೊಟ್ಟೆಯಡಿ ಉಳಿದ ಟ್ಯಾಂಕ್ ಇದ್ದರೆ ಅದನ್ನು ಕಳಚುವುದು.

ಮೂರನೆಯದು ಪೈಲಟ್. ಮೂರೂವರೆ ಗಂಟೆ ನೀರಿನ ಮೇಲೆ ಒಂಟಿ ಎಂಜಿನ್ ನಂಬಿ ಬಂದವನು ದಣಿದಿರುತ್ತಾನೆ. ದ್ವೀಪದ ಗುರುತು, ರೂಢಿ, ಶತ್ರು ಬರುವ ದಿಕ್ಕು ಯಾವುದೂ ಗೊತ್ತಿಲ್ಲ. ಹಾಗಾಗಿ ಪ್ರತಿ ದೊಡ್ಡಿಯಲ್ಲಿ ಮಾಲ್ಟಾದಲ್ಲೇ ಪಳಗಿದ ಪೈಲಟ್ ಒಬ್ಬ ಕಾಯುತ್ತಿರುತ್ತಾನೆ. ಬಂದವನು ಇಳಿಯುತ್ತಿದ್ದಂತೆ ಇವನು ವಿಮಾನ ಹತ್ತಿ, ಸೀಟಿನ ಪಟ್ಟಿ ಬಿಗಿದುಕೊಳ್ಳುತ್ತಾನೆ. ಬಂದವನ ಹೆಮ್ಮೆಗೆ ಇದು ಹಿತವಾಗಿರಲಿಕ್ಕಿಲ್ಲ, ಆದರೆ ವಿಮಾನ ಉಳಿಯಿತು. ಬೇರೆಲ್ಲ ಏರ್ಪಾಡಿಗಿಂತ ಇದೇ ಜಾಣ ನಿರ್ಧಾರ ಎಂಬುದು ನಮ್ಮ ಅಭಿಪ್ರಾಯ. ಹೊಸ ವಿಮಾನವನ್ನೂ ಹೊಸ ಪೈಲಟ್‌ನನ್ನೂ ಒಂದೇ ದಿನ ಹೊಸ ರಣರಂಗಕ್ಕೆ ಪರಿಚಯಿಸಿದರೆ, ತಪ್ಪಾದಾಗ ಯಾರದು ತಪ್ಪೆಂದೂ ಗೊತ್ತಾಗುವುದಿಲ್ಲ.

ಇನ್ನು ರನ್‌ವೇಯಿಂದ ದೊಡ್ಡಿಗೆ ಹೋಗುವ ದಾರಿ. ಇಲ್ಲಿ ಹಿಂದೆ ಹೇಳಿದ ರೇಡಿಯೇಟರ್ ನೆನಪಿಗೆ ಬರಬೇಕು. ದಾರಿ ಹುಡುಕುತ್ತ ಅಲೆದರೆ ಎಂಜಿನ್ ಕುದಿಯುತ್ತದೆ. ಮೇಲಾಗಿ ಬಾಲ ನೆಲಕ್ಕೆ ತಾಗಿದಾಗ ಸ್ಪಿಟ್‌ಫೈರ್‌ನ ಉದ್ದ ಮೂತಿ ಎದುರಿನದೆಲ್ಲವನ್ನೂ ಮರೆಮಾಡುತ್ತದೆ. ಪೈಲಟ್‌ಗೆ ಮುಂದಿನ ಬಾಂಬ್ ಗುಂಡಿ ಕಾಣದು. ಚಕ್ರಗಳ ನಡುವಿನ ಅಂತರವೂ ಕಿರಿದು, ಅಡ್ಡ ವಾಲಿದರೆ ರೆಕ್ಕೆಯ ತುದಿ ನೆಲ ಕೆರೆಯುತ್ತದೆ. ಆದ್ದರಿಂದ ಪ್ರತಿ ವಿಮಾನಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಯದೇ ದೊಡ್ಡಿ, ದಾರಿ ತೋರಿಸಲು ಕಾದು ನಿಂತ ಆಳು. ವಿಮಾನ ಓಟ ಮುಗಿಸುತ್ತಿದ್ದಂತೆ ಅವನು ಮುಂದಾಗುತ್ತಾನೆ, ಪೈಲಟ್ ಅವನನ್ನು ನೋಡಿಕೊಂಡು ತಿರುಗುತ್ತಾನೆ.

ಗ್ಲಾಸ್ಗೋದಲ್ಲೂ ಈ ಸಲ ಜಗಳವೇ ಆಯಿತು. ವಾಸ್ಪ್‌ನ ನೌಕಾಧಿಕಾರಿಗಳು ಮತ್ತೆ ಸೋರುವ ಟ್ಯಾಂಕುಗಳನ್ನು ಕಂಡು ಹೇರುವ ಕೆಲಸವನ್ನೇ ನಿಲ್ಲಿಸಿದರು. ಸರಿ ಮಾಡಿಸಿಕೊಂಡ ಮೇಲೆಯೇ ಮುಂದುವರಿದದ್ದು. ಮುಚ್ಚಿದ ಹ್ಯಾಂಗರಿನಲ್ಲಿ ಪೆಟ್ರೋಲ್ ತೊಟ್ಟಿಕ್ಕುವ ವಿಮಾನಗಳ ಎಂಜಿನ್ ಚಾಲೂ ಮಾಡಬೇಕಾದವರು ಅವರೇ. ಹಟ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಮೇ 9ರಂದು ವಾಸ್ಪ್ ಮತ್ತು ರಿಪೇರಿಯಾಗಿ ಬಂದ ಈಗಲ್ ಸೇರಿ 64 ವಿಮಾನ ಹಾರಿಸಿದವು. ಒಂದು ಏರುವಾಗಲೇ ಸಮುದ್ರಕ್ಕೆ ಬಿತ್ತು. ಕೆನಡಾದ ಪೈಲಟ್ ಜೆರಾಲ್ಡ್ ಸ್ಮಿತ್‌ಗೆ ಹೊರಗಿನ ಟ್ಯಾಂಕ್ ಕೈಕೊಟ್ಟಿತು. ಮಾಲ್ಟಾ ಮುಟ್ಟುವಂತಿಲ್ಲ. ವಿಮಾನ ಬಿಟ್ಟು ಪ್ಯಾರಾಚೂಟ್‌ನಲ್ಲಿ ಹಾರುವ ಬದಲು ಆತ ಕೊಕ್ಕೆಯಿಲ್ಲದ ಸ್ಪಿಟ್‌ಫೈರನ್ನು ವಾಸ್ಪ್‌ನ ಡೆಕ್ಕಿನ ಮೇಲೇ ಇಳಿಸಿದ. ತುದಿಗೆ ಕೆಲವೇ ಅಡಿ ಇರುವಾಗ ಅದು ನಿಂತಿತು. ವಾಸ್ಪ್ ಎಂದರೆ ಕಣಜ. ಕಣಜ ಎರಡು ಸಲ ಕುಟುಕಲಾರದು ಎಂದವರು ಯಾರು ಎಂದು ಚರ್ಚಿಲ್ ಆ ನೌಕೆಗೆ ತಂತಿ ಕಳಿಸಿದ್ದು ಈ ಪ್ರಯಾಣಕ್ಕೇ.

ದ್ವೀಪದಲ್ಲಿ ಏರ್ಪಾಡು ಎಲ್ಲೆಡೆ ಗಡಿಯಾರದಂತೆ ನಡೆಯಿತೆಂದಲ್ಲ. ದಾಳಿಯ ನಡುವೆಯೇ ಇಳಿಯಬೇಕಾಯಿತು, ಕೆಲವು ನೆಲದಲ್ಲೇ ಹಾಳಾದವು. ಆದರೆ ಹಲವು ವಿಮಾನ ಹತ್ತು ನಿಮಿಷದ ಆಸುಪಾಸಿನಲ್ಲಿ, ಕೆಲವು ಅದಕ್ಕಿಂತಲೂ ಬೇಗ, ಮಾಲ್ಟಾದಲ್ಲಿ ಪಳಗಿದ ಪೈಲಟ್ ಹೊತ್ತು ಏರಿದವು. ಹಿಂದಿನಿಂದ ಬರುತ್ತಿದ್ದ ತಂಡಗಳು ಇಳಿಯುವಾಗ ಮೇಲೆ ಕಾವಲಿಗೆ ಇದ್ದದ್ದು ಮುಂಚೆ ಇಳಿದಿದ್ದ ವಿಮಾನಗಳೇ. ಏಪ್ರಿಲ್‌ನಲ್ಲಿ ಇಲ್ಲದಿದ್ದದ್ದು ಇದು.

ಮೇ 10ರ ಬೆಳಿಗ್ಗೆ ವೆಲ್ಷ್‌ಮನ್ ಎಂಬ ವೇಗದ ಹಡಗು, ಫ್ರೆಂಚ್ ಯುದ್ಧನೌಕೆಯ ವೇಷ ತೊಟ್ಟು, ಮಾಲ್ಟಾದ ಬಂದರು ಗ್ರ್ಯಾಂಡ್ ಹಾರ್ಬರ್ ಸೇರಿತು. ಅದರಲ್ಲಿ ವಿಮಾನ ಎಂಜಿನ್‌ಗಳು, ವಿಮಾನ ನಿರೋಧಕ ತೋಪುಗಳ ಗುಂಡು, ಬಂದರಿಗೆ ಹೊಗೆಯ ಪರದೆ ಹಾಕುವ ಡಬ್ಬಗಳು, ನೆಲದ ಸಿಬ್ಬಂದಿ. ವಿಮಾನ ಒಂದು ದಿನ, ಅದರ ಎಂಜಿನ್ ಮತ್ತು ಮೆಕ್ಯಾನಿಕ್ ಮರುದಿನ: ಈ ಜೋಡಣೆ ಆಕಸ್ಮಿಕವಲ್ಲ. ಹಡಗಿನ ಮೇಲೆ ಬಂದ ಬಾಂಬರ್‌ಗಳಿಗೆ ಹೊಗೆಯಲ್ಲಿ ಗುರಿ ಕಾಣಲಿಲ್ಲ. ಮೇಲೆ ತಿಂಗಳುಗಟ್ಟಲೆ ಕಾಣದಷ್ಟು ಸ್ಪಿಟ್‌ಫೈರ್‌ಗಳು ಎದುರಾದವು. ಅಂದು ಹೊಡೆದುರುಳಿಸಿದ ವಿಮಾನಗಳ ಸಂಖ್ಯೆಯನ್ನು ಎರಡೂ ಕಡೆಯವರು ತಮ್ಮ ತಮ್ಮ ಲೆಕ್ಕದಲ್ಲಿ ಹೇಳುತ್ತಾರೆ. ವಾಯುಯುದ್ಧದ ಇಂಥ ಲೆಕ್ಕ ಯಾವಾಗಲೂ ಉಬ್ಬಿರುತ್ತದೆ, ಅದನ್ನು ಬಿಡೋಣ. ಹಡಗು ಸರಕು ಇಳಿಸಿ ರಾತ್ರಿ ಸುರಕ್ಷಿತವಾಗಿ ಹೊರಟಿತು ಎಂಬುದು ಸಾಕು. ಮಾಲ್ಟಾವನ್ನು ನಿಷ್ಕ್ರಿಯಗೊಳಿಸುವ ಕೆಲಸ ಮುಗಿಯಿತು ಎಂದು ಜರ್ಮನ್ ಫೀಲ್ಡ್ ಮಾರ್ಷಲ್ ಕೆಸೆಲ್‌ರಿಂಗ್ ವರದಿ ಮಾಡಿದ್ದು ಅದೇ ಮೇ 10ರಂದು.

ಬಂದ ಮೇಲೆ ವಿಮಾನವೂ ಆ ಜಾಗಕ್ಕೆ ತಕ್ಕಂತೆ ಬದಲಾಯಿತು. ಮರುಭೂಮಿಗೆಂದು ಬಳಿದಿದ್ದ ಕಂದು, ಮರಳುಬಣ್ಣ ನೀಲಿ ಸಮುದ್ರದ ಮೇಲೆ ದೂರದಿಂದಲೇ ಎದ್ದು ಕಾಣುತ್ತಿತ್ತು. ಅನೇಕ ವಿಮಾನಗಳಿಗೆ ಕೈಗೆ ಸಿಕ್ಕ ನೀಲಿ ಬಳಿದರು. ನಾಲ್ಕು ಕ್ಯಾನನ್ ಹೊತ್ತು ಬಂದ ವಿಮಾನಗಳಿಂದ ಎರಡನ್ನು ತೆಗೆದರು. ಭಾರ ಇಳಿದು ಏರುವಿಕೆ ಚುರುಕಾಯಿತು, ಗುಂಡು ಉಳಿಯಿತು, ತೆಗೆದ ಎರಡು ಬಿಡಿಭಾಗವಾಗಿ ಒದಗಿದವು. ಮೂತಿಯ ಕೆಳಗಿನ ದಪ್ಪ ಗಲ್ಲದಂಥ ವೋಕ್ಸ್ ಧೂಳುಸೋಸಕವನ್ನು ಮಾತ್ರ, ವೇಗ ತಿನ್ನುತ್ತದೆಂದು ಪೈಲಟ್‌ಗಳು ಬೈದುಕೊಂಡರೂ, ಸಹಿಸಬೇಕಾಯಿತು. ಸುಣ್ಣಕಲ್ಲಿನ ಧೂಳು ಸಿಲಿಂಡರ್ ಒಳಗೆ ಹೋದರೆ ಉಜ್ಜುಕಾಗದ ಉಜ್ಜಿದಂತೆಯೇ.

ಬೇರೆ ರಣರಂಗಗಳಲ್ಲೂ ಹೊಸ ವಿಮಾನ ತನ್ನದೇ ಕಾಯಿಲೆಯೊಡನೆ ಬಂದಿದೆ. 1941ರಲ್ಲಿ ಜರ್ಮನರು ಫೋಕ್‌ವುಲ್ಫ್ 190 ತಂದಾಗ ಅದರ ಹದಿನಾಲ್ಕು ಸಿಲಿಂಡರಿನ ಎಂಜಿನ್‌ನ ಹಿಂದಿನ ಸಾಲಿಗೆ ಗಾಳಿ ಸಾಲದೆ ಅತಿಯಾಗಿ ಕಾಯುತ್ತಿತ್ತು. ಬ್ರಿಟಿಷರ ಟೈಫೂನ್‌ನ ಕಾಕ್‌ಪಿಟ್ಟಿಗೆ ಎಂಜಿನ್ನಿನ ವಿಷಾನಿಲ ನುಗ್ಗುತ್ತಿದ್ದುದರಿಂದ ಪೈಲಟ್‌ಗಳು ಎಂಜಿನ್ ಚಾಲೂ ಮಾಡಿದಾಗಿನಿಂದಲೇ ಆಕ್ಸಿಜನ್ ಮುಖವಾಡ ಹಾಕಿಕೊಳ್ಳಬೇಕಿತ್ತು. ದೂರದಿಂದ ಅದು ಫೋಕ್‌ವುಲ್ಫ್‌ನಂತೆಯೇ ಕಾಣುತ್ತಿದ್ದದ್ದರಿಂದ ಸ್ವಪಕ್ಷದವರೇ ಗುಂಡು ಹಾರಿಸುತ್ತಿದ್ದರು. ಅಮೆರಿಕದ ಮಸ್ಟಾಂಗ್‌ನ ಬಿ ಮಾದರಿಯಲ್ಲಿ ತೆಳು ರೆಕ್ಕೆಗೆ ಹೊಂದಲೆಂದು ಗನ್‌ಗಳನ್ನು ಓರೆಯಾಗಿ ಕೂರಿಸಿದ್ದರು. ಬಿಗಿಯಾಗಿ ತಿರುಗಿದಾಗ ಗುಂಡಿನ ಪಟ್ಟಿಯ ಭಾರ ಹಲವು ಪಟ್ಟಾಗಿ ಗನ್ನಿಗೆ ಎಳೆಯಲು ಆಗದೆ ನಿಲ್ಲುತ್ತಿತ್ತು. ಕಡೆಗೆ ಬಿ-26 ಬಾಂಬರ್‌ನ ಪಟ್ಟಿ ಎಳೆಯುವ ಮೋಟಾರು ತಂದು ಹಾಕಿ ಸರಿ ಮಾಡಿದರು. 1943ರಲ್ಲಿ ಆಸ್ಟ್ರೇಲಿಯದ ಡಾರ್ವಿನ್‌ಗೆ ಹೋದ ಇದೇ ಮಾದರಿಯ (ಮಾರ್ಕ್ 5) ಸ್ಪಿಟ್‌ಫೈರ್‌ಗಳಲ್ಲಿ ಎತ್ತರದ ಚಳಿಗೆ ಕ್ಯಾನನ್ ಹೆಪ್ಪುಗಟ್ಟುವುದು, ಪ್ರೊಪೆಲ್ಲರ್ ನಿಯಂತ್ರಕ ಕೆಟ್ಟು ಎಂಜಿನ್ ಮಿತಿಮೀರಿ ತಿರುಗುವುದು ಕಂಡುಬಂತು. ಇವು ಯಾವುವೂ ವಿನ್ಯಾಸಕಾರನ ಮೇಜಿನ ಮೇಲೆ ಕಂಡ ದೋಷಗಳಲ್ಲ.

ಮಾಲ್ಟಾಕ್ಕೆ ವಿಮಾನ ಒಯ್ಯುವ ಕೆಲಸ ಮೇ ನಂತರವೂ ನಡೆಯುತ್ತಲೇ ಇತ್ತು, ನಷ್ಟವೂ ಇತ್ತು. ಜೂನ್ 3ರಂದು ಹೊರಟ 31ರಲ್ಲಿ ನಾಲ್ಕನ್ನು ದಾರಿಯಲ್ಲೇ ಮೆಸರ್‌ಸ್ಮಿಟ್‌ಗಳು ಹೊಡೆದುರುಳಿಸಿದವು. ಗನ್ ಇದ್ದೂ ಹೊಟ್ಟೆಯಡಿ ಟ್ಯಾಂಕ್ ಹೊತ್ತ ವಿಮಾನ ಕಾದಾಡಲಾರದು. ಆಗಸ್ಟ್ 11ರಂದು ಫ್ಯೂರಿಯಸ್ ನೌಕೆ ವಿಮಾನ ಹಾರಿಸುತ್ತಿದ್ದಾಗಲೇ ಹತ್ತಿರದಲ್ಲಿದ್ದ ಈಗಲ್‌ಗೆ ಜರ್ಮನ್ ಜಲಾಂತರ್ಗಾಮಿ ಟಾರ್ಪೆಡೊ ಹೊಡೆದು ಮುಳುಗಿಸಿತು. ಒಂದು ಡಜನ್ ವಿಮಾನಕ್ಕೆ ಒಂದು ನೌಕೆಯನ್ನು ಪಣಕ್ಕಿಡುವುದು ಎಷ್ಟು ದಿನ? ವರ್ಷದ ಕೊನೆಗೆ ನೌಕೆಯೇ ಬೇಡವಾದ ದಾರಿ ಸಿಕ್ಕಿತು. ಹೊಟ್ಟೆಯಡಿ 170 ಗ್ಯಾಲನ್ನಿನ ಭಾರೀ ಟ್ಯಾಂಕ್, ಪೈಲಟ್‌ನ ಬೆನ್ನ ಹಿಂದೆ ಇನ್ನೊಂದು 29 ಗ್ಯಾಲನ್, ಉದ್ದದ ಹಾರಾಟದಲ್ಲಿ ಎಂಜಿನ್ ಕುಡಿಯುವ ಎಣ್ಣೆಗೆ ದೊಡ್ಡ ಟ್ಯಾಂಕ್, ಭಾರ ಇಳಿಸಲು ಎರಡು ಮೆಷಿನ್‌ಗನ್ ಬಿಟ್ಟು ಉಳಿದೆಲ್ಲ ಗನ್ ತೆಗೆದು, ಜಿಬ್ರಾಲ್ಟರ್‌ನಿಂದ ಐದು ಗಂಟೆಗೂ ಮೀರಿ ಹಾರಿಸಿ ನೇರ ಮಾಲ್ಟಾ ಮುಟ್ಟಿಸಿದರು. ಹೀಗೆ ಹೊರಟ ಹದಿನೇಳರಲ್ಲಿ ಹದಿನಾರು ಮುಟ್ಟಿದವು. ಇಳಿದ ಮೇಲೆ ಕ್ಯಾನನ್ ಕೂರಿಸಿ, ಗುರಿ ಹೊಂದಿಸಿ, ಒಮ್ಮೆ ಹಾರಿಸಿ ನೋಡಬೇಕಿತ್ತು. ಏಪ್ರಿಲ್‌ನಲ್ಲಿ ವಿಮಾನಗಳನ್ನು ಸುಟ್ಟದ್ದು ಇದೇ ಬಾಕಿ ಕೆಲಸ. ನವೆಂಬರ್ ಹೊತ್ತಿಗೆ ಅದನ್ನು ಕೂತು ಮಾಡುವಷ್ಟು ಬಿಡುವು ದ್ವೀಪದ ಆರ್ಮರರ್‌ಗಳಿಗೆ ಸಿಕ್ಕಿತ್ತು.